ನಮ್ಮ ಮನೆಯವರ ಹಲಗೆಯಾಟ

ನನ್ನನ್ನು ನಂಜನಗೂಡಿನಿಂದ ತಿ. ನರಸೀಪುರಕ್ಕೆ ಕೊಡುವ ಮುಂಚೆ ಅಪ್ಪ ಎಲ್ಲವನ್ನೂ ವಿಚಾರಿಸಿದ್ದರು. ಹುಡುಗನಿಗೆ ಪ್ಲೈವುಡ್ ಅಂಗಡಿ ಇದೆ, ಕುಡಿತ ಇಲ್ಲ, ಇಸ್ಪೀಟು ಇಲ್ಲ. ನೀರಿನ ಮೇಲೆ ಹಲಗೆ ಹಾಕಿಕೊಂಡು ನಿಲ್ಲುವ ಚಟವೇನಾದರೂ ಇದೆಯೇ ಎಂದು ಕೇಳುವುದು ಮಾತ್ರ ಹೊಳೆಯಲಿಲ್ಲ. ಹಾಗೆಂದು ಅಪ್ಪನನ್ನು ದೂರುವಂತಿಲ್ಲ. ಆ ರೋಗ ಹಿಡಿದದ್ದು ನಮ್ಮ ಬೀದಿಗೆ ಕೇಬಲ್ ಟಿ.ವಿ. ಬಂದಮೇಲೆ, ತೊಂಬತ್ತರ ದಶಕದ ನಡುವಿನಲ್ಲಿ.

ಬೀದಿಯವರೆಲ್ಲ ಸಿನಿಮಾ ನೋಡಿದರು. ನಮ್ಮವರು ಒಂದು ಸಂಜೆ ಚಾನೆಲ್ ತಿರುಗಿಸುತ್ತಾ, ದೋಣಿಗೆ ಕಟ್ಟಿದ ಹಗ್ಗ ಹಿಡಿದು ಹಲಗೆಯ ಮೇಲೆ ನಿಂತು ನೀರಿನಲ್ಲಿ ಜಾರಿಕೊಂಡು ಹೋಗುವ ಒಬ್ಬ ವಿದೇಶಿಯನ್ನು ನೋಡಿಬಿಟ್ಟರು. ಊಟಕ್ಕೆ ಕರೆದರೆ ಬರಲಿಲ್ಲ.

"ಇದೇನ್ ಮಹಾ ಕಣೇ? ಹಲಗೆ ನಮ್ಮ ಅಂಗಡೀಲೇ ಅದೆ. ನೀರು ನಾಲೇಲಿ ಅದೆ."

"ದೋಣಿ ಎಲ್ಲದೆ?"

"ದೋಣಿ ಯಾಕೆ? ಏರಿ ಮೇಲೆ ಬೈಕ್ ಓಡಿಸುದ್ರೆ ಆಯ್ತು."

ಹೀಗೆ ನಮ್ಮ ತಾಲ್ಲೂಕಿನಲ್ಲಿ ಒಂದು ಹೊಸ ಕ್ರೀಡೆ ಹುಟ್ಟಿತು. ಅದರ ಮೊದಲ ಸಲಕರಣೆ ನಮ್ಮ ಮದುವೆಯ ಹಸೆಮಣೆ. ಅಂಗಡಿಯ ಪ್ಲೈವುಡ್ ಮಾರುವ ಮಾಲು, ಹಾಳು ಮಾಡಬಾರದು. ಹಸೆಮಣೆಯಾದರೆ ತನ್ನ ಕೆಲಸ ಮುಗಿಸಿ ಅಟ್ಟದ ಮೇಲೆ ಸುಮ್ಮನೆ ಬಿದ್ದಿದೆ. ಇದು ಅವರ ಲೆಕ್ಕಾಚಾರ. ಬೈಕ್ ಓಡಿಸುವ ಜವಾಬ್ದಾರಿ ಹೊತ್ತವರು ಅಕ್ಕಿ ಗಿರಣಿ ಇಟ್ಟಿದ್ದ ಅವರ ಬಾಲ್ಯದ ಗೆಳೆಯರೊಬ್ಬರು. ಬೈಕು ಹೊರಟಿತು, ಹಗ್ಗ ಬಿಗಿಯಾಯಿತು, ಮಣೆ ಮೂತಿ ಕೆಳಗೆ ಮಾಡಿ ನೇರವಾಗಿ ತಳಕ್ಕೆ ಹೋಯಿತು. ಅದರ ಮೇಲಿದ್ದ ಮದುಮಗನೂ ಹಿಂದೆಯೇ ಹೋದರು.

ಒದ್ದೆ ಬಟ್ಟೆಯಲ್ಲಿ ಮನೆಗೆ ಬಂದ ಮಗನನ್ನು ನೋಡಿ ಅತ್ತೆ ಹೇಳಿದರು, "ನಿಮ್ಮಪ್ಪ ಗದ್ದೆ ಮಟ್ಟ ಮಾಡುವಾಗ ಮರದ ಹಲಗೆ ಮೇಲೆ ನಿಂತ್ಕಂಡು ಎತ್ತಿನ ಕೈಲಿ ಎಳೆಸ್ಕತಿದ್ರು ಕಣ್ಲಾ. ಅವರನ್ಯಾರೂ ಟಿ.ವಿ.ಲಿ ತೋರಿಸ್ಲಿಲ್ಲ."

ಎರಡನೆಯ ಹಲಗೆ ಅಂಗಡಿಯ ಸಾಧಾರಣ ಪ್ಲೈವುಡ್ಡಿನದು. ಅದು ತೇಲಿತು. ತೇಲಿಕೊಂಡೇ ನೀರು ಕುಡಿದು ಉಬ್ಬಿ, ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಚ್ಚಿಕೊಂಡಿತು. ಅದೇ ಪ್ಲೈವುಡ್ಡಿನಲ್ಲಿ ಅಡುಗೆಮನೆಗೆ ಕಪಾಟು ಮಾಡಿಸಿದ್ದ ಗಿರಾಕಿಯೊಬ್ಬರು ಏರಿಯ ಮೇಲೆ ನಿಂತು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವರು ನಮ್ಮ ಅಂಗಡಿಗೆ ಮೊಳೆ ಕೊಳ್ಳುವುದಕ್ಕೂ ಬರಲಿಲ್ಲ.

ಮೂರನೆಯದು ನೀರಿಗೆ ಜಗ್ಗದ ಪ್ಲೈವುಡ್. ಮುಳುಗದೆ ಇರಬೇಕಾದರೆ ಮೂತಿ ಮೇಲಕ್ಕೆ ಬಾಗಿರಬೇಕು ಎಂದು ಇಷ್ಟರಲ್ಲಿ ತಿಳಿದಿತ್ತು. ಬಾಗಿಸುವುದಕ್ಕೆ ಬಚ್ಚಲ ಹಂಡೆಯ ಕುದಿಯುವ ನೀರಿನಲ್ಲಿ ಅದರ ತುದಿ ಮುಳುಗಿಸಿ, ಹೊರಗೆ ತೆಗೆದು, ರುಬ್ಬುವ ಕಲ್ಲನ್ನು ಅದರ ಮೇಲೆ ಹೇರಿದರು. ಅದು ಬಾಗುವ ತನಕ ಮನೆಯವರೆಲ್ಲ ತಣ್ಣೀರು ಸ್ನಾನ ಮಾಡಿ, ಇಡ್ಲಿ ದೋಸೆ ಮರೆತು, ವಿಜ್ಞಾನಕ್ಕೆ ನಮ್ಮ ಕಾಣಿಕೆ ಸಲ್ಲಿಸಿದೆವು. ಕಾಲು ಸಿಕ್ಕಿಸಲು ಲಾರಿ ಟ್ಯೂಬಿನ ಪಟ್ಟಿ ಬಂತು. ತೆಂಗಿನ ನಾರಿನ ಹಗ್ಗ ಅಂಗೈ ಸುಲಿದದ್ದರಿಂದ ನೈಲಾನ್ ಹಗ್ಗ ಬಂತು, ಅದರ ತುದಿಗೆ ಹಿಡಿದುಕೊಳ್ಳಲು ಗುದ್ದಲಿಯ ಕಾವು. ಗೆಳೆಯರ ಬೈಕು ಒಂದು ದಿನ ಅವರ ಸಮೇತ ನಾಲೆಗೆ ಇಳಿದದ್ದರಿಂದ ಗಿರಣಿಯ ಹಳೆಯ ಜೀಪೂ ಬಂತು.

ಬಾರದೆ ಇದ್ದದ್ದು ಒಂದೇ, ನಿಲ್ಲುವುದು. ನಮ್ಮವರು ದಪ್ಪ. ಜೀಪು ಎಳೆದ ಕೂಡಲೇ ಎದ್ದು ನಿಲ್ಲಲು ಹೋಗಿ ಮುಗ್ಗರಿಸುತ್ತಿದ್ದರು. ಆ ನಾಲೆಯ ನೀರನ್ನು ಅವರಿಗಿಂತ ಹೆಚ್ಚು ಕುಡಿದದ್ದು ಭತ್ತದ ಗದ್ದೆಗಳು ಮಾತ್ರ. ಆದರೆ ತಪ್ಪು ಯಾವತ್ತೂ ಅವರದಲ್ಲ. ಹಲಗೆಯದು, ಹಗ್ಗದ್ದು, ಬಟ್ಟೆ ಒಗೆಯುವ ಹೆಂಗಸರ ಸೋಪಿನದು.

"ಭಾರ ಕಮ್ಮಿ ಇರೋರು ನಿಂತ್ರೆ ಹಲಗೇಲಿ ದೋಷ ಅದೋ ಇಲ್ವೋ ಗೊತ್ತಾಗ್ತದೆ. ನೀನು ಒಂದ್ಸಲ ನಿಂತ್ಕೊ," ಎಂದರು ಒಂದು ಭಾನುವಾರ.

ಕಪಿಲೆಯ ದಂಡೆಯಲ್ಲಿ ಬೆಳೆದ ನನಗೆ ಈಜು ಬರುತ್ತಿತ್ತು. ಹಲಗೆಯಲ್ಲಿ ದೋಷ ಹುಡುಕುವುದಕ್ಕಾದರೂ ನನ್ನ ನೆನಪಾಯಿತಲ್ಲ ಎಂದು ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು ಇಳಿದೆ. ದಂಡೆಯಿಂದ ಅವರು ಕೂಗಿದರು, "ತಕ್ಷಣ ಏಳು, ತಕ್ಷಣ ಏಳು!" ಅವರು ಹಾಗೆಯೇ ಎದ್ದು ಬೀಳುವುದನ್ನು ಒಂದು ವರ್ಷದಿಂದ ನೋಡಿದ್ದೆ. ಆದ್ದರಿಂದ ಕುಕ್ಕರಗಾಲಿನಲ್ಲಿ ಕೂತೇ ಇದ್ದೆ. ಹಲಗೆ ತಾನಾಗಿ ನೀರಿನ ಮೇಲೆ ಬಂತು. ನಿಧಾನವಾಗಿ ಎದ್ದೆ. ಅಷ್ಟೆ, ನಿಂತಿದ್ದೆ. ಅಕ್ಕಪಕ್ಕದ ತೆಂಗಿನ ಮರಗಳು ಹಿಂದಕ್ಕೆ ಓಡುತ್ತಿದ್ದವು. ಒಗೆಯುವ ಹೆಂಗಸರು ಕೈಯಲ್ಲಿದ್ದ ಬಟ್ಟೆ ಬಿಟ್ಟು ಕೂಗು ಹಾಕಿದರು. ಸೇತುವೆಯ ತನಕ ಹೋಗಿ ಹಗ್ಗ ಬಿಟ್ಟೆ.

ಓಡಿ ಬಂದ ನಮ್ಮವರು ಮೊದಲು ಹಲಗೆಯನ್ನು ಎತ್ತಿ ತಿರುವಿ ನೋಡಿ, "ದೋಷ ಇಲ್ಲ," ಎಂದರು.

ಸುದ್ದಿ ನಂಜನಗೂಡಿಗೂ ಮುಟ್ಟಿತು. ಅಲ್ಲಿನ ಯುವಕರ ಸಂಘವೊಂದು ರಾಜ್ಯೋತ್ಸವಕ್ಕೆ ಪ್ರದರ್ಶನ ಕೊಡಿ ಎಂದು ಕರೆಯಿತು. ನಾಲೆಯ ಪಕ್ಕ ಶಾಮಿಯಾನ, ಮೈಕು, ಜನವೋ ಜನ. ನಾನು ಹಲಗೆಯ ಮೇಲೆ ಹೋದೆ, ಬಂದೆ, ಇನ್ನೊಮ್ಮೆ ಹೋದೆ. ತವರಿನ ಕಡೆಯವರೆಲ್ಲ ಚಪ್ಪಾಳೆ ತಟ್ಟಿದರು. ಆಮೇಲೆ ಮೈಕಿನಲ್ಲಿ ಈ ಆಟವನ್ನು ನಮ್ಮ ನಾಡಿಗೆ ಪರಿಚಯಿಸಿದ ಮಹನೀಯರೆಂದು ನಮ್ಮವರನ್ನು ವೇದಿಕೆಗೆ ಕರೆದು, ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿದರು. ಮಹನೀಯರ ಮೈಮೇಲೆ ಒಂದು ಹನಿ ನೀರಿರಲಿಲ್ಲ. ನಾನು ಶಾಮಿಯಾನದ ಹಿಂದೆ ನಡುಗುತ್ತಾ ತಲೆ ಒರೆಸಿಕೊಳ್ಳುತ್ತಿದ್ದೆ. ಆ ಶಾಲು ಆಗ ಯಾರಿಗೆ ಬೇಕಾಗಿತ್ತು ಎನ್ನುವುದು ಸಂಘದವರಿಗೆ ಹೊಳೆಯಲಿಲ್ಲ.

ವಾಪಸು ಬರುವಾಗ ನಾಲ್ಕು ಒಳ್ಳೆಯ ಮಾತು ಅನ್ನಲೇಬೇಕೆಂದು ಜೀಪಿನಲ್ಲಿ ಸಿದ್ಧವಾಗಿ ಕೂತಿದ್ದೆ. ಗೆಳೆಯರು ಜೀಪು ಓಡಿಸುತ್ತಿದ್ದರು. ಇವರು ಶಾಲು ತೆಗೆದು ನನ್ನ ಹೆಗಲಿಗೆ ಹಾಕಿ, ಮೆಲ್ಲಗೆ ಕೇಳಿದರು:

"ನಿಂತ್ಕೊಂಡಾಗ ಹೆಂಗಿರ್ತದೆ?"

ಬೈಯಲು ಜೋಡಿಸಿಟ್ಟಿದ್ದ ಮಾತೆಲ್ಲ ಎಲ್ಲೋ ಹೋಯಿತು. ಈ ಮನುಷ್ಯ ಅಷ್ಟು ಹಲಗೆ ಮಾಡಿ, ಅಷ್ಟು ಸಲ ಬಿದ್ದು, ಅದೊಂದನ್ನು ಮಾತ್ರ ಕಂಡಿರಲಿಲ್ಲ.

"ನೀವೇ ನೋಡೀರಂತೆ. ನಾನು ಹೇಳ್ದಂಗೆ ಕೇಳ್ತೀರಾ?" ಎಂದೆ.

ಮದುವೆಯಾದ ಮೇಲೆ ಅವರು ಮೊದಲ ಬಾರಿಗೆ, "ಕೇಳ್ತೀನಿ," ಎಂದರು.

ಮುಂದಿನ ವರ್ಷ ನಾಲೆಗೆ ನೀರು ಬಿಟ್ಟಾಗ, ಅವರಿಗಾಗಿ ಎಂದು ಇನ್ನೂ ಅಗಲವಾದ ಹಲಗೆ ತಯಾರಾಯಿತು. ನಾನು ಜೀಪಿನ ಹಿಂದೆ ಅವರ ಕಡೆ ಮುಖ ಮಾಡಿ ಕೂತು ಕೂಗುತ್ತಿದ್ದೆ, "ಕೂತಿರಿ! ಇನ್ನೂ ಕೂತಿರಿ! ಏಳ್ಬೇಡಿ ರೀ!" ಏಳದೆ ಇರುವುದು ಅವರಿಗೆ ಎಷ್ಟು ಕಷ್ಟವಾಗಿತ್ತೆಂದು ಮುಖದಲ್ಲಿ ಕಾಣುತ್ತಿತ್ತು. ಹಲಗೆ ಮೇಲೆ ಬಂದಮೇಲೆ, "ಈಗ," ಎಂದೆ. ನಿಧಾನವಾಗಿ ಎದ್ದರು. ನಿಂತರು. ಹೊಟ್ಟೆ ಮುಂದೆ, ಹಿಂಭಾಗ ಹಿಂದೆ, ಬಾಯಿ ತೆರೆದುಕೊಂಡು, ಪುಟ್ಟ ಮಗುವಿನ ಹಾಗೆ ನಗುತ್ತಾ ಬಂದರು. ಸರಿಸುಮಾರು ಪಂಪ್‌ಹೌಸಿನ ತನಕ.

ಅಲ್ಲಿ ನನಗೆ ಕೈ ಬೀಸಲು ಹೋಗಿ ಬಿದ್ದರು. ನೀರಿನಿಂದ ತಲೆ ಎತ್ತಿದವರೇ, "ಹಗ್ಗ ಸರಿ ಇಲ್ಲ ಕಣೇ!" ಎಂದು ಕೂಗಿದರು.