ಬುಗುರಿ ದೊಡ್ಡಮ್ಮನ ಗಿಣ್ಣು ಹಾಲು

ನಮ್ಮ ದೊಡ್ಡಮ್ಮ ಕೂತಿದ್ದನ್ನು ನೋಡಿದವರು ಕಡಿಮೆ. ಊಟವನ್ನೂ ನಿಂತೇ ಮುಗಿಸುತ್ತಾಳೆ. ಬಾಯಲ್ಲಿ ತುತ್ತು ಇರುವಾಗಲೇ ತಟ್ಟೆ ತೊಳೆಯಲು ಹೊರಟಿರುತ್ತಾಳೆ. ಅರವತ್ತು ಹಸುಗಳ ಡೈರಿಯಲ್ಲಿ ಕರುಗಳ ಪೂರಾ ಜವಾಬ್ದಾರಿ ಅವಳದು. ಕೆಲಸದವರು ಬೆನ್ನ ಹಿಂದೆ ಅವಳಿಗಿಟ್ಟ ಹೆಸರು ಬುಗುರಿ. ಅದು ಅವಳ ಕಿವಿಗೂ ಬಿದ್ದಿತ್ತು. "ಬುಗುರಿ ನಿಂತ್ರೆ ಬಿದ್ದೋಗತ್ತೆ ಕಣ್ರೋ, ಅದಕ್ಕೇ ನಾನು ನಿಲ್ಲಲ್ಲ" ಎಂದು ಒಂದೇ ಮಾತಿಗೆ ಎಲ್ಲರ ಬಾಯಿ ಮುಚ್ಚಿಸಿದ್ದಳು.

ಅದೇ ಡೈರಿಯ ಹಾಲಿನ ಕೋಣೆಯಲ್ಲಿ ನನ್ನ ಅಮ್ಮನ ಕೆಲಸ. ಕ್ಯಾನು, ಕರುಗಳಿಗೆ ಹಾಲು ಕುಡಿಸುವ ಬಾಟಲಿ ತೊಳೆಯುವುದು, ಫ್ರೀಜರ್ ನೋಡಿಕೊಳ್ಳುವುದು. ಇಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದವರು. ಅಮ್ಮನದು ಆಮೆ ನಡಿಗೆ, ಒಂದು ಲೋಟ ಎತ್ತಿಡುವುದಕ್ಕೂ ಯೋಚಿಸುವ ಜಾತಿ. ಹಾಲಿನ ವ್ಯಾನು ಓಡಿಸುವ ನಾನು ಇಬ್ಬರ ಜಗಳಕ್ಕೂ ಅಂಚೆಯವಳು.

ಹೋದ ವರ್ಷದಿಂದ ಅವರ ನಡುವೆ ಮಾತೆಂದರೆ ಕೆಲಸದ ಮಾತಷ್ಟೇ. ಡೈರಿಯ ಕರಿ ಹಸುವಿನ ಕರು ಹುಟ್ಟಿದ ಒಂಬತ್ತನೇ ದಿನ ಭೇದಿ ಹತ್ತಿ ಸತ್ತಿತ್ತು. ದೊಡ್ಡಮ್ಮ ಎಲ್ಲರೆದುರು, "ಬಾಟಲಿ ನೆಟ್ಟಗೆ ತೊಳೆದಿದ್ರೆ ಬದುಕ್ತಿತ್ತು" ಎಂದುಬಿಟ್ಟಳು. ಅಮ್ಮ ತುಟಿ ಬಿಚ್ಚಲಿಲ್ಲ. ನನಗೆ ಮಾತ್ರ ಆ ಸಿಟ್ಟು ಇವತ್ತಿಗೂ ಪೂರ್ತಿ ಆರಿಲ್ಲ.

ಈ ವರ್ಷ ಅದೇ ಕರಿ ಹಸು ಮಟಮಟ ಮಧ್ಯಾಹ್ನ ಹೆಣ್ಣುಗರು ಹಾಕಿತು. ನಾನು ವ್ಯಾನಿಗೆ ಕ್ಯಾನು ಏರಿಸುತ್ತಿದ್ದೆ. ದೊಡ್ಡಮ್ಮ ಕರುವಿನ ಮೈ ಒರೆಸಿ, ತಾಯಿಯ ಹಾಲು ಹಿಂಡಿಕೊಂಡು ಓಡೋಡಿ ಬಂದಳು. ಅವಸರಕ್ಕೆ ಕಾರಣವಿತ್ತು. ಹುಟ್ಟಿದ ಕರುವಿಗೆ ರೋಗ ತಡೆಯುವ ಶಕ್ತಿ ತಾಯಿಯ ಗಿಣ್ಣು ಹಾಲಿನಿಂದಲೇ ಬರಬೇಕು, ಅದೂ ಮೊದಲ ಕೆಲವು ಗಂಟೆಗಳಲ್ಲಿ. ಹೊತ್ತು ಕಳೆದಂತೆ ಕರುಳು ಆ ಶಕ್ತಿಯನ್ನು ಒಳಗೆ ಬಿಡುವುದು ಕಡಿಮೆಯಾಗುತ್ತದೆ. ಒಂದು ದಿನ ದಾಟಿದರೆ ಕೊಟ್ಟೂ ಪ್ರಯೋಜನವಿಲ್ಲ.

ಹಾಲು ಗಟ್ಟಿಯಿದೆಯೇ ಎಂದು ನೋಡಲು ದನದ ಡಾಕ್ಟರು ಒಂದು ಪುಟ್ಟ ಕೊಳವೆ ಕೊಟ್ಟಿದ್ದರು. ಅಮ್ಮ ಅದರ ತುದಿಯ ಗಾಜಿಗೆ ಒಂದು ಹನಿ ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಕಾಣುವ ಅಂಕಿ ನೋಡಿದಳು.

"ಇಪ್ಪತ್ತೆರಡಾದ್ರೂ ಇರ್ಬೇಕು. ಇದು ಹದಿಮೂರು."

"ನಿನ್ ಕಣ್ಣು ಸರಿಯಿಲ್ಲ, ಕೊಡಿಲ್ಲಿ."

ದೊಡ್ಡಮ್ಮ ಗಾಜು ಒರೆಸಿ, ಮತ್ತೆ ಹನಿ ಬಿಟ್ಟು, ಮೂರು ಸಲ ನೋಡಿದಳು. ಹದಿಮೂರು ಹದಿಮೂರಾಗಿಯೇ ಉಳಿಯಿತು.

ಬೇರೆ ಹಸುವಿನ ಒಳ್ಳೆಯ ಗಿಣ್ಣು ಹಾಲನ್ನು ಅಮ್ಮ ಫ್ರೀಜರಿನಲ್ಲಿ ಇಟ್ಟಿದ್ದಳು. ಎರಡು ಬಾಟಲಿ ತಂದು ಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದಳು. ಕಲ್ಲಿನಂತೆ ಹೆಪ್ಪುಗಟ್ಟಿದ್ದ ಹಾಲು ಕರಗಲು ಮುಕ್ಕಾಲು ಗಂಟೆಯಾದರೂ ಬೇಕು ಎಂದಳು. ದೊಡ್ಡಮ್ಮ ಕರುವಿನ ಹತ್ತಿರ ಹೋದಳು, ಬಂದಳು, ಬಾಟಲಿ ಅಲ್ಲಾಡಿಸಿದಳು, ಗಡಿಯಾರ ನೋಡಿದಳು, ಮತ್ತೆ ಹೋದಳು. ಅವಳನ್ನು ನೋಡಿ ನೋಡಿ ನನಗೇ ತಲೆ ಸುತ್ತಿತು. ಕೊನೆಗೆ ತಡೆಯಲಾರದೆ ಒಲೆಯ ಮೇಲಿದ್ದ ಕುದಿನೀರಿನ ಪಾತ್ರೆಯನ್ನೇ ಎತ್ತಿದಳು. ಅಮ್ಮ ಅಡ್ಡ ನಿಂತಳು. ಅಮ್ಮ ಅಷ್ಟು ಬೇಗ ಎದ್ದಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಬೇಡ ಅಕ್ಕ. ಕುದಿನೀರು ಹಾಕಿದ್ರೆ ಹಾಲು ಉಳಿಯತ್ತೆ, ಅದರಲ್ಲಿರೋ ಶಕ್ತಿ ಸತ್ತೋಗತ್ತೆ."

"ಅಲ್ಲಿ ಕರು ಬಾಯಿ ಬಿಡ್ತಿದೆ ಕಣೇ!"

"ಇನ್ನೂ ಹೊತ್ತಿದೆ. ಪಾತ್ರೆ ಕೆಳಗಿಡು."

ದೊಡ್ಡಮ್ಮ ಇಟ್ಟಳು. ಅಮ್ಮ ದನಿ ತಗ್ಗಿಸಿ ಕೇಳಿದಳು, "ಕರು ಹಾಕೋಕ್ ಮುಂಚೇನೇ ಹಿಂಡಿದ್ಯಾ ಅಕ್ಕ?"

ತುಂಬು ಗಬ್ಬದ ಹಸುವನ್ನು ಮುಂಚೆ ಹಿಂಡಬಾರದೆಂದು ಡಾಕ್ಟರು ಹೇಳಿ ಹೇಳಿ ಸಾಕಾಗಿದ್ದರು. ಹಾಗೆ ಹಿಂಡಿದರೆ ಹೋಗುವುದು ಗಿಣ್ಣು ಹಾಲೇ. ಕರು ಬರುವ ಹೊತ್ತಿಗೆ ಉಳಿಯುವುದು ನೀರು ನೀರು.

"ಕೆಚ್ಚಲು ಬಿಗಿದು ಕಲ್ಲಾಗಿತ್ತು ಕಣೇ. ಹಾಲು ತಾನಾಗೇ ಸೋರ್ತಿತ್ತು. ಮಲಗೋಕಾಗ್ದೆ ಒದ್ದಾಡ್ತಿತ್ತು. ಮೂರು ದಿನ ಒಂಚೂರು ಒಂಚೂರು..."

"ಹೋದ ವರ್ಷ?"

ದೊಡ್ಡಮ್ಮ ಬೋರಲು ಹಾಕಿದ್ದ ಒಂದು ಬಕೆಟ್ಟಿನ ಮೇಲೆ ಕುಸಿದು ಕೂತಳು. ನನಗೆ ಅರ್ಥವಾಯಿತು. ಮೈಯೆಲ್ಲ ಉರಿದು ಹೋಯಿತು, ಮಾತು ನಾಲಿಗೆಯ ತುದಿಗೆ ಬಂತು. ಅಮ್ಮ ಕಣ್ಣಲ್ಲೇ ನನ್ನನ್ನು ತಡೆದಳು. ಆಮೇಲೆ ಹಾಲು ಕರಗುವವರೆಗೆ ಮೂವರೂ ಬಾಟಲಿಗಳ ಸುತ್ತ ಕೂತೆವು. ಕರು ಎರಡೂ ಬಾಟಲಿ ಖಾಲಿ ಮಾಡಿತು.

ಮೂರನೇ ದಿನ ಡಾಕ್ಟರು ಬಂದು ಕರುವಿನ ರಕ್ತ ತೆಗೆದು ಪರೀಕ್ಷೆ ಮಾಡಿದರು. ಬೇಕಾದಷ್ಟು ಶಕ್ತಿ ಸೇರಿದೆ, ಭಯವಿಲ್ಲ ಎಂದರು. ಡೈರಿಯ ಯಜಮಾನರು ಹಿಗ್ಗಿ ಹೀರೇಕಾಯಿಯಾಗಿ ದೊಡ್ಡಮ್ಮನ ಕಡೆ ತಿರುಗಿದರು. ಕೆಲಸದವರೆಲ್ಲ ಅಲ್ಲೇ ಇದ್ದರು.

"ನಿಮ್ಮ ಕೈಗುಣ ಅಂದ್ರೆ ಕೈಗುಣ ಕಣಮ್ಮ!"

ಸುಮ್ಮನೆ ನಕ್ಕಿದ್ದರೆ ಮುಗಿದೇ ಹೋಗುತ್ತಿತ್ತು. ದೊಡ್ಡಮ್ಮ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ ನಿಂತಿದ್ದವಳು ಅಮ್ಮನತ್ತ ಕೈ ತೋರಿಸಿದಳು.

"ಇದು ಉಳಿದಿದ್ದು ಇವಳಿಂದ, ಯಜಮಾನ್ರೇ. ಹೋದ ವರ್ಷದ್ದು ಸತ್ತಿದ್ದು ಬಾಟಲಿಯಿಂದಲ್ಲ. ಅವಾಗ್ಲೂ ನಾನೇ ಮುಂಚೆ ಹಿಂಡಿ ಚೆಲ್ಲಿದ್ದೆ. ಕರು ಸತ್ತ ದಿನಾನೇ ನನಗೆ ಅನುಮಾನ ಬಂತು. ಆವತ್ತಿಂದ ನೆಟ್ಟಗೆ ನಿದ್ದೆ ಮಾಡಿಲ್ಲ. ಹಿಂಡಿದ್ರೆ ಏನೂ ಆಗಲ್ಲ ಅಂತ ನನಗೆ ನಾನೇ ತೋರಿಸ್ಕೊಳ್ಳೋಕೆ ಈ ವರ್ಷವೂ ಹಿಂಡಿದೆ."

ಅಮ್ಮ ಸರಸರನೆ ಹಾಲಿನ ಕೋಣೆಗೆ ಹೋದಳು. ನಾನು ಹಿಂದೆಯೇ ಓಡಿದೆ. ಈಗಲಾದರೂ ಬೈಯುತ್ತಾಳೆ, ಬೈಯಲಿ ಎಂದು ಕಾದೆ. ಅಮ್ಮ ತೊಟ್ಟಿಯ ಅಂಚು ಹಿಡಿದು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಒಂದು ವರ್ಷದಿಂದ ನಾನೇ ಕೊಂದೆ ಅಂದ್ಕೊಂಡಿದ್ದೆ ಕಣೇ" ಎಂದಳು.