ಎರಡು ಗೋಡೆ, ಒಂದು ಲೋಟ

ನಮ್ಮ ಅಡುಗೆಮನೆಯ ಪಡುವಣ ಗೋಡೆಯಲ್ಲಿ, ಕೈ ಚಾಚಿದರೆ ಎಟುಕುವ ಎತ್ತರದಲ್ಲಿ, ಅಂಗೈಯಗಲದ ಒಂದು ಜಾಗದಲ್ಲಿ ಮಾತ್ರ ಸುಣ್ಣ ನಿಲ್ಲುವುದಿಲ್ಲ. ಹಬ್ಬಕ್ಕೊಮ್ಮೆ ಬಳಿಯುತ್ತೇವೆ, ಹಬ್ಬದ ಹೋಳಿಗೆ ಮುಗಿಯುವಷ್ಟರಲ್ಲಿ ಅದು ಪುಡಿಪುಡಿಯಾಗಿ ಒಲೆಕಟ್ಟೆಯ ಮೇಲೆ ಉದುರಿರುತ್ತದೆ. ಇದಕ್ಕೆ ಕಾರಣ ಗೋಡೆಯಾಚೆಯ ಶರೀಫಾ ಚಾಚಿ. ರಾಯಚೂರಿನ ನಮ್ಮ ಓಣಿ ಇಳಿಜಾರಿನದು. ನಲ್ಲಿಯ ನೀರು ಬರುವುದು ಎರಡು ದಿನಕ್ಕೊಮ್ಮೆ, ಬಂದರೂ ಮೊದಲು ತಗ್ಗಿನ ಮನೆಗಳಿಗೆ, ಹತ್ತು ನಿಮಿಷ ಬಿಟ್ಟು ನಮಗೆ. ಚಾಚಿಯ ನಲ್ಲಿ ಗೊರಗೊರ ಎಂದ ಕೂಡಲೇ ಆಕೆ ಸ್ಟೀಲಿನ ಲೋಟದಿಂದ ಗೋಡೆಗೆ ಮೂರು ಸಲ ಬಡಿಯುತ್ತಾಳೆ. ನಮ್ಮವ್ವ ನಾದುತ್ತಿದ್ದ ಜೋಳದ ಹಿಟ್ಟನ್ನು ಹಾಗೇ ಬಿಟ್ಟು ಕೊಡ, ಬಕೆಟ್ಟು, ಡ್ರಮ್ಮುಗಳನ್ನು ಸಾಲಾಗಿ ಜೋಡಿಸಿ, ನಲ್ಲಿಗೆ ಪೈಪು ಸಿಕ್ಕಿಸಿ, ಸೆರಗಿನಿಂದ ಕೈ ಒರೆಸಿಕೊಳ್ಳುವ ಹೊತ್ತಿಗೆ ನಮ್ಮ ಮನೆಯ ನೀರು ಬಂದಿರುತ್ತದೆ. ಇಪ್ಪತ್ತೈದು ವರ್ಷ ಈ ಸದ್ದಿಗೆ ನಾನು ನಿದ್ದೆಗಣ್ಣಿನಲ್ಲೇ ಸಿಡುಕಿದ್ದೇನೆ. ಅದರಲ್ಲಿ ಬುದ್ಧಿವಂತಿಕೆ ಇರಬಹುದೆಂದು ಒಮ್ಮೆಯೂ ಹೊಳೆಯಲಿಲ್ಲ.

ಹೊಳೆಯಬೇಕಿತ್ತು ಎನ್ನುವುದಕ್ಕೆ ಕಾರಣವಿದೆ, ಓದುಗ ಮಿತ್ರರೇ. ನನ್ನ ಉದ್ಯೋಗವೇ ಅದು. ಸ್ಟೇಷನ್ ರಸ್ತೆಯ ಒಂದು ಸಣ್ಣ ಕಚೇರಿಯಲ್ಲಿ ಕೂತು, ಯಾವ ಕೆಲಸ ಯಾವುದರ ಹಿಂದೆ ಬರಬೇಕು ಎಂಬುದನ್ನು ಕಂಪ್ಯೂಟರಿನಲ್ಲಿ ಬಣ್ಣದ ಅಡ್ಡಪಟ್ಟಿಗಳಾಗಿ ಎಳೆಯುವವಳು ನಾನು. ಪಾಯ ಮುಗಿಯದೆ ಗೋಡೆ ಇಲ್ಲ, ಗೋಡೆ ಒಣಗದೆ ಬಣ್ಣವಿಲ್ಲ. ಒಂದು ಪಟ್ಟಿಯನ್ನು ಬಲಕ್ಕೆ ತಳ್ಳಿದರೆ ಅದಕ್ಕೆ ಜೋತುಬಿದ್ದ ಉಳಿದವೆಲ್ಲ ರೈಲಿನ ಡಬ್ಬಿಗಳಂತೆ ಬಲಕ್ಕೆ ಸರಿಯುತ್ತವೆ. ನೋಡಲು ಚೆಂದ. ಆದರೆ ಈ ಸರಿದಾಟ ಒಂದು ಯೋಜನೆಯ ಬೇಲಿಯೊಳಗೆ ಮಾತ್ರ. ಒಂದೊಂದು ಯೋಜನೆಗೆ ಒಂದೊಂದು ಕಡತ. ಒಂದು ಕಡತದ ಕೆಲಸ ಇನ್ನೊಂದು ಕಡತದ ಕೆಲಸವನ್ನು ಕಾಯುತ್ತಿದ್ದರೆ, ಆ ಎರಡರ ನಡುವೆ ನಾವೇ ಕೈಯಾರೆ ಕೊಂಡಿ ಹಾಕಬೇಕು. ಹಾಕಿದರೆ ಹೊರಗಿನ ಆ ಕೆಲಸ ನಮ್ಮ ಯೋಜನೆಯಲ್ಲಿ ಬೂದುಬಣ್ಣದ ಒಂದು ತೆಳು ಸಾಲಾಗಿ, ನೆಂಟರಂತೆ ಬಂದು ಕೂರುತ್ತದೆ. ಅದರ ಮನೆಯಲ್ಲಿ ತಡವಾದರೆ ನಮ್ಮ ಮನೆಯಲ್ಲೂ ತಿಳಿಯುತ್ತದೆ. ಹಾಕದಿದ್ದರೆ ಎರಡೂ ಯೋಜನೆಗಳು ತಂತಮ್ಮಷ್ಟಕ್ಕೆ ಸತ್ಯವಾಗಿಯೇ ಇರುತ್ತವೆ.

ನನಗೆ ಇನ್ನೊಂದು ವಿದ್ಯೆಯೂ ಇತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಹೆಸರು ಮಾಡಿದವಳು. ಒಂದು ಸಲ ಬೆಳಿಗ್ಗೆ ಪರವಾಗಿ, ಮಧ್ಯಾಹ್ನ ಅದೇ ವಿಷಯದ ವಿರೋಧವಾಗಿ ಮಾತಾಡಿ ಎರಡೂ ಸುತ್ತು ಗೆದ್ದಿದ್ದೆ. ಬೆಳಗಿನ ನನ್ನನ್ನು ಮಧ್ಯಾಹ್ನದ ನಾನು ಮರೆಯಬಲ್ಲೆ ಎಂಬುದನ್ನು ಪ್ರತಿಭೆ ಎಂದುಕೊಂಡಿದ್ದೆ. ತೀರ್ಪುಗಾರರೂ ಹಾಗೆಯೇ ಅಂದಿದ್ದರು.

ಹೋದ ವರ್ಷ ನನ್ನ ಕೈಯಲ್ಲಿ ಆರೇಳು ಯೋಜನೆಗಳಿದ್ದವು. ಅವುಗಳಲ್ಲಿ ಒಂದು ದೇವದುರ್ಗದ ಹೆಣ್ಣುಮಕ್ಕಳ ವಸತಿನಿಲಯ. ಸುತ್ತಲಿನ ದೊಡ್ಡಿಗಳ, ಅಂದರೆ ಊರಾಚೆಯ ಸಣ್ಣ ಹಟ್ಟಿಗಳ, ಹುಡುಗಿಯರು ಏಳನೆಯ ತರಗತಿಯ ನಂತರ ಓದಬೇಕಾದರೆ ಉಳಿದುಕೊಳ್ಳಲು ಒಂದು ಸಂಸ್ಥೆಯವರು ಕಟ್ಟಿಸುತ್ತಿದ್ದದ್ದು. ಇನ್ನೊಂದು ಮಾನ್ವಿಯ ಒಂದು ವೆಲ್ಡಿಂಗ್ ಕಾರ್ಖಾನೆಯದು. ಬೆಂಚು, ಕಪಾಟು, ಮಂಚಗಳನ್ನು ಹತ್ತಾರು ಕಡೆಗೆ ಮಾಡಿಕೊಡುವ ಜಾಗ. ವಸತಿನಿಲಯದ ಹಳೆಯ ಕಟ್ಟಡದಲ್ಲಿ ಇಪ್ಪತ್ತನಾಲ್ಕು ಮಂಚಗಳಿದ್ದವು, ಇನ್ನು ಹದಿನಾರು ಮಾನ್ವಿಯಿಂದ ಬರಬೇಕು. ದೇವದುರ್ಗದ ಕಡತದಲ್ಲಿ ಅದನ್ನು ‘ಮಂಚ ಬರುವುದು’ ಎಂದು ಬರೆದು ದಿನಾಂಕ ಒತ್ತಿದ್ದೆ. ಮಾನ್ವಿಯ ಕಡತದಲ್ಲಿ ಅದೇ ಮಂಚಗಳು ‘ಕಬ್ಬಿಣದ ಕೆಲಸ, ಮೂರನೇ ಕಂತು’ ಎಂಬ ಹೆಸರಿನಲ್ಲಿ ಬೆಂಚುಗಳ ನಡುವೆ ಮಲಗಿದ್ದವು.

ಮಂಚಕ್ಕೇಕೆ ಇಷ್ಟು ಮಹತ್ವ ಎಂದರೆ, ಆ ಸಂಸ್ಥೆಯಲ್ಲಿ ಒಂದು ಪದ್ಧತಿಯಿದೆ. ಶಾಲೆ ತೆರೆಯುವ ಮುಂಚಿನ ಒಂದು ದಿನ ಹಿರಿಯರು ಬಂದು ಮಂಚಗಳನ್ನು ಎಣಿಸುತ್ತಾರೆ, ಎಷ್ಟು ಮಂಚವೋ ಅಷ್ಟೇ ಹೆಸರು ಕೂಗುತ್ತಾರೆ, ಆ ವರ್ಷದ ಅಕ್ಕಿಬೇಳೆಯ ಮಂಜೂರಾತಿಯೂ ಅಷ್ಟು ತಲೆಗೇ ನಿಂತುಬಿಡುತ್ತದೆ. ಹಿಂದೊಮ್ಮೆ ನೆಲದ ಮೇಲೆ ಮಲಗಿದ್ದ ಹುಡುಗಿಯೊಬ್ಬಳಿಗೆ ಚೇಳು ಕಡಿದು ಪಡಬಾರದ ಪಾಡಾಗಿತ್ತಂತೆ. ಅಂದಿನಿಂದ ನೆಲದ ಮೇಲೆ ಯಾರನ್ನೂ ಮಲಗಿಸುವುದಿಲ್ಲ. ನಿಯಮಗಳನ್ನು ಗೇಲಿ ಮಾಡುವುದು ನನ್ನ ಚಟ. ಆದರೆ ಇದನ್ನು ಗೇಲಿ ಮಾಡಲು ನನಗೂ ಬಾಯಿ ಬಂದಿಲ್ಲ.

ಕಟ್ಟಡದ ಮೇಸ್ತ್ರಿ ಮಾರೆಪ್ಪ. ದೇವದುರ್ಗದಾಚೆಯ ಒಂದು ದೊಡ್ಡಿಯವನು, ನನಗಿಂತ ಹದಿನೈದು ವರ್ಷ ದೊಡ್ಡವನು, ಆದರೂ ನನ್ನನ್ನು ಅಕ್ಕಾ ಎನ್ನುವವನು. ಶುಕ್ರವಾರದ ಸಭೆಗೆಂದು ರಾಯಚೂರಿಗೆ ಬಂದಾಗ, ಗೋಡೆಯ ಮೇಲೆ ಬೆಳಗುತ್ತಿದ್ದ ಪಟ್ಟಿಗಳನ್ನು ಬಹಳ ಹೊತ್ತು ನೋಡಿ ಕೇಳಿದ:

“ಅಕ್ಕಾರ, ಮಾನ್ವಿ ಮಂದಿ ಹಿಂದ ಬಿದ್ರ ಈ ಹಾಳ್ಯಾಗ ಕಾಣತದೇನ್ರಿ?”

ಕಾಣುವುದಿಲ್ಲ ಎಂದೆ. ಹಾಗಿದ್ದರೆ ಕಾಣುವಂತೆ ಮಾಡಲು ಬರುವುದಿಲ್ಲವೇ ಎಂದು ಕೇಳಿದ. ಬರುತ್ತದೆ, ಆದರೆ ಮಾಡಬಾರದು ಎಂದೆ. ಮುಂದಿನ ಹತ್ತು ನಿಮಿಷ ನನ್ನ ವೇದಿಕೆ. ಒಂದು ಯೋಜನೆಯನ್ನು ಇನ್ನೊಂದಕ್ಕೆ ಕಟ್ಟಿದರೆ ತಡಮಾಡಿದವರಿಗೆಲ್ಲ ತಪ್ಪು ಹೊರಿಸಲು ಪಕ್ಕದವರ ಹೆಗಲು ಸಿಕ್ಕಂತಾಗುತ್ತದೆ, ಕಡತವೊಂದರ ಜಾಗ ಬದಲಾದರೆ ಕೊಂಡಿ ಕಳಚಿ ಸುಳ್ಳು ತೋರಿಸುತ್ತದೆ, ಯಾವ ಯೋಜನೆಯಾದರೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಎಂದೆಲ್ಲ ಹೇಳಿ, ಕೊನೆಗೆ, ಪಕ್ಕದ ಮನೆಯ ಕೋಳಿ ಕೂಗಿದ ಮೇಲೆ ಏಳುತ್ತೇನೆ ಎನ್ನುವವನಿಗೆ ತನ್ನದೇ ಒಂದು ಕೋಳಿ ಇರಬಾರದೇ ಎಂದೆ. ಎಲ್ಲರೂ ನಕ್ಕರು. ಮಾರೆಪ್ಪನೂ ನಕ್ಕ. ನಗು ನಿಂತ ಮೇಲೆ ಮತ್ತೆ ಅದನ್ನೇ ಕೇಳಿದ, ಹಾಗಾದರೆ ತನಗೆ ಗೊತ್ತಾಗುವುದು ಹೇಗೆ ಎಂದು.

“ನಾ ಅದೀನಲ್ಲ,” ಎಂದೆ.

ಈಗಲೂ ನಾನು ಅಂದಿನ ನನ್ನ ವಾದವನ್ನು ಬಿಡಿಸಿ ನೋಡುತ್ತೇನೆ. ಅದರಲ್ಲಿ ಒಂದೊಂದು ಮಾತೂ ನಿಜವೇ. ಕೊಂಡಿಗಳು ಕಳಚುತ್ತವೆ, ಹೆಗಲುಗಳು ಸಿಗುತ್ತವೆ. ನಾನು ಮಾರೆಪ್ಪನ ಪ್ರಶ್ನೆಗೆ ಉತ್ತರ ಕೊಟ್ಟೆ, ಆದರೆ ಅವನು ಆ ಪ್ರಶ್ನೆಯನ್ನು ಎರಡು ಸಲ ಯಾಕೆ ಕೇಳಿದ ಎಂದು ಕೇಳಲಿಲ್ಲ. ಕೇಳಿದ್ದರೆ ಅವನ ಮಗಳು ಹುಲಿಗೆಮ್ಮ ಏಳನೆಯ ತರಗತಿ ಮುಗಿಸಿದ್ದಾಳೆ, ದೊಡ್ಡಿಯಲ್ಲಿ ಮುಂದಕ್ಕೆ ಶಾಲೆಯಿಲ್ಲ, ಬಸ್ಸೂ ಇಲ್ಲ, ವಸತಿನಿಲಯದ ಪಟ್ಟಿಯಲ್ಲಿ ಆಕೆಯದು ಮೂವತ್ತೊಂದನೆಯ ಹೆಸರು ಎಂದು ಹೇಳುತ್ತಿದ್ದನೇನೋ. ಅವನು ಅದನ್ನು ತಾನಾಗಿ ಹೇಳುವ ಮನುಷ್ಯನಲ್ಲ. ಎದುರಾಳಿಯ ಮಾತಿನಲ್ಲಿ ಸಂದು ಹುಡುಕಲು ಕಲಿತವರಿಗೆ ಎದುರಾಳಿಯ ಮೌನ ಕೇಳಿಸುವುದಿಲ್ಲ.

ಮುಂದೆ ಭತ್ತದ ಎರಡನೆಯ ಬೆಳೆ ಕೊಯ್ಲಿಗೆ ಬಂತು. ಒಂದು ಸೋಮವಾರ ಬೆಳಿಗ್ಗೆ ಮಾನ್ವಿಯ ಕಾರ್ಖಾನೆಯ ಯಜಮಾನ ಚಂದ್ರಪ್ಪನವರು ಫೋನು ಮಾಡಿ, ಮೂರನೇ ಕಂತು ಹನ್ನೆರಡು ದಿನ ಹಿಂದೆ ಬೀಳುತ್ತದೆ ಎಂದರು. ನಾನು ಬಿಡುವವಳೇ? ಒಪ್ಪಂದದ ಮಾತೆತ್ತಿದೆ, ಮಾತು ಕೊಟ್ಟವರ ಮರ್ಯಾದೆಯ ಮಾತೆತ್ತಿದೆ. ಅವರು ಒಂದಿಷ್ಟೂ ಬೇಸರಿಸದೆ, ಮಗುವಿಗೆ ಹೇಳುವಂತೆ ಹೇಳಿದರು:

“ಕೊಯ್ಲು ಬಂತಂದ್ರ ಮಾನ್ವ್ಯಾಗ ಮಂಚ ಯಾರ ಮಾಡತಾರ್ರಿ ಮೇಡಮ್ಮ? ಹೊಲದಾಗ ನಿಂತ ಮಷೀನು ನಿಂತಂಗ ಅದಾವು. ಮಳಿ ಬಂದ್ರ ಬೆಳಿ ಉಳೀತದೇನು?”

ನಿಜ. ಕಾಲುವೆಯ ನೀರಿನ ಊರು ಅದು. ಕೊಯ್ಲಿನ ಎರಡು ವಾರ ಅಲ್ಲಿನ ವೆಲ್ಡಿಂಗ್ ಅಂಗಡಿಗಳೆಲ್ಲ ಉಳಿದ ಕೆಲಸ ಬದಿಗಿಟ್ಟು ಕೊಯ್ಲು ಯಂತ್ರಗಳ ಮುರಿದ ಹಲ್ಲು ಬೆಸೆಯುತ್ತವೆ, ಅಕ್ಕಿ ಗಿರಣಿಗಳ ಬಿರುಕು ಮುಚ್ಚುತ್ತವೆ. ಇದು ಅಲ್ಲಿ ಪ್ರತಿ ವರ್ಷದ ರೂಢಿ. ಒಳ್ಳೆಯ ವಾದಕ್ಕೆ ತಲೆಬಾಗುವುದೂ ವಾದಿಯ ಧರ್ಮವೆಂದು ದೊಡ್ಡ ಮನಸ್ಸಿನಿಂದ ಒಪ್ಪಿ, ಆ ಪಟ್ಟಿಯನ್ನು ನನ್ನ ಕೈಯಿಂದಲೇ ಹನ್ನೆರಡು ದಿನ ಬಲಕ್ಕೆ ಸರಿಸಿದೆ. ನನ್ನ ನ್ಯಾಯಬುದ್ಧಿಯ ಬಗ್ಗೆ ನನಗೇ ಮೆಚ್ಚುಗೆಯಾಯಿತು. ಕಡತ ಮುಚ್ಚಿದೆ, ಊಟ ಮಾಡಿದೆ, ಮಧ್ಯಾಹ್ನ ದೇವದುರ್ಗದ ಕಡತ ತೆರೆದೆ. ಅದರಲ್ಲಿ ‘ಮಂಚ ಬರುವುದು’ ಹಸಿರಾಗಿ, ನಿಶ್ಚಿಂತೆಯಾಗಿ, ಇದ್ದಲ್ಲೇ ಇತ್ತು. ಎಲ್ಲ ಸಕಾಲದಲ್ಲಿದೆ ಎಂದು ವರದಿ ಕಳಿಸಿದೆ. ಬೆಳಿಗ್ಗೆ ಪರ, ಮಧ್ಯಾಹ್ನ ವಿರೋಧ.

ಎಣಿಕೆಯ ಹಿಂದಿನ ದಿನ ಮಾರೆಪ್ಪ ಫೋನು ಮಾಡಿ ಮಂಚಗಳ ಸುದ್ದಿ ಕೇಳಿದ. ನಾನು ದೇವದುರ್ಗದ ಕಡತ ನೋಡಿ, ನಾಳೆ ಬೆಳಿಗ್ಗೆಯೊಳಗೆ ಬರುತ್ತವೆ ಎಂದೆ. ಮಾನ್ವಿಗೆ ಒಂದು ಫೋನು ಮಾಡಬಹುದಿತ್ತು. ಹಸಿರು ಪಟ್ಟಿಯನ್ನು ಕಣ್ಣೆದುರಿಗಿಟ್ಟುಕೊಂಡು ಅನುಮಾನ ಪಡುವುದು ಹೇಗೆ? ದೇವರನ್ನೂ ಪುರಾವೆ ಕೇಳುವ ನಾನು, ನಾನೇ ಒತ್ತಿದ ದಿನಾಂಕವನ್ನು ಕೇಳಲಿಲ್ಲ.

ಮರುದಿನ ಹೆಮ್ಮೆಯಿಂದ ಬಸ್ಸು ಹತ್ತಿ ನಾನೂ ದೇವದುರ್ಗಕ್ಕೆ ಹೋದೆ. ಹೊಸ ಬಣ್ಣದ ವಾಸನೆ, ಬಾಗಿಲಿಗೆ ಮಾವಿನೆಲೆ, ಅಂಗಳದಲ್ಲಿ ತಗಡಿನ ಟ್ರಂಕುಗಳ ಮೇಲೆ ಕೂತ ಹುಡುಗಿಯರು. ಮಾರೆಪ್ಪನ ಬೈಕಿನಿಂದ ಇಳಿದ ತೆಳ್ಳಗಿನ ಹುಡುಗಿಯೊಬ್ಬಳು ಟ್ರಂಕನ್ನು ಮೆಟ್ಟಿಲ ಬಳಿ ಇಟ್ಟು ಒಳಗೆ ಹೋದಳು. ಕೋಣೆಯಿಂದ ಕೋಣೆಗೆ ಹೋಗುತ್ತ ಬೆರಳು ಮಡಿಸುತ್ತಿದ್ದದ್ದು ಕಿಟಕಿಯಲ್ಲಿ ಕಂಡಿತು. ಹೊರಗೆ ಬಂದವಳು ಟ್ರಂಕಿನ ಮೇಲೆ ಕೂತಳು. ಹಿರಿಯರು ಎಣಿಸುವ ಮುಂಚೆಯೇ ಹುಲಿಗೆಮ್ಮ ಎಣಿಸಿಯಾಗಿತ್ತು. ಇಪ್ಪತ್ತನಾಲ್ಕು ಹೆಸರು ಕೂಗಿ ನಿಲ್ಲಿಸಿದಾಗ ಉಳಿದ ಹದಿನಾರು ಹುಡುಗಿಯರಲ್ಲಿ ಹದಿನೈದು ಮಂದಿ ಬೆರಗಾದರು. ಅವಳೊಬ್ಬಳು ಎದ್ದು ಟ್ರಂಕಿನ ಹಿಡಿಕೆಗೆ ಕೈ ಹಾಕಿದಳು.

ನಾನು ಅಂದು ಜೀವಮಾನದ ಅತ್ಯುತ್ತಮ ವಾದ ಮಂಡಿಸಿದೆ, ಸಂಸ್ಥೆಯ ಕಾರ್ಯದರ್ಶಿಗಳ ಮುಂದೆ. ಮಂಚ ತಯಾರಾಗುತ್ತಿವೆ, ಕೆಲವೇ ದಿನದ ಮಾತು, ತಪ್ಪು ನನ್ನದು, ಮಕ್ಕಳದ್ದಲ್ಲ ಎಂದೆ. ಅವರು ಪೂರ್ತಿ ಕೇಳಿದರು. ಬರುವ ಮಂಚದ ಮೇಲೆ ಇವತ್ತು ಮಲಗಿಸಲು ಬರುವುದಿಲ್ಲ ತಾಯಿ, ಎಂದರು. ಗೇಟಿನ ಬಳಿ ಮಾರೆಪ್ಪ ಟ್ರಂಕನ್ನು ಬೈಕಿಗೆ ಕಟ್ಟುತ್ತಿದ್ದ. ಬಯ್ಯಲಿ ಎಂದು ಹತ್ತಿರ ಹೋಗಿ ನಿಂತೆ. ಹಗ್ಗದ ಗಂಟು ಬಿಗಿದು, ನನ್ನ ಕಡೆ ನೋಡದೆ ಅಂದ:

“ಅವತ್ತ ಭಾಳ ಚೊಲೊ ಮಾತಾಡಿದ್ರಿ ಅಕ್ಕಾರ.”

ಅದರಲ್ಲಿ ಕುಹಕವಿತ್ತೇ ಎಂದು ವರ್ಷವಿಡೀ ಯೋಚಿಸಿದ್ದೇನೆ. ಇರಲಿಲ್ಲ ಎನ್ನಿಸಿದಾಗಲೇ ಹೆಚ್ಚು ಸಂಕಟವಾಗುತ್ತದೆ. ಹದಿನಾರು ಮಂಚಗಳು ಚಂದ್ರಪ್ಪನವರು ಹೇಳಿದ ದಿನಕ್ಕೆ ಸರಿಯಾಗಿ, ಮಾನ್ವಿಯ ಯೋಜನೆಗೆ ಒಂದು ದಿನವೂ ತಪ್ಪದೆ ಬಂದವು. ವರ್ಷವಿಡೀ ತಾಡಪತ್ರಿಯ ಕೆಳಗೆ ಹೊಸ ಬಣ್ಣದಲ್ಲೇ ಇದ್ದವು.

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಜಿಲ್ಲೆ ನಮ್ಮದು. ದೇವದುರ್ಗ ಒಂದು ನದಿಯ ಕಡೆ, ಮಾನ್ವಿ ಇನ್ನೊಂದರ ಕಡೆ, ಆ ನದಿಗಳೆರಡೂ ಕೂಡುವುದು ನಮ್ಮ ಗಡಿ ದಾಟಿದ ಮೇಲೆ. ನಡುವಿನ ರಾಯಚೂರಿನಲ್ಲಿ ಕೂತು ಎರಡನ್ನೂ ಬಲ್ಲೆ ಎಂದುಕೊಂಡವಳ ಕಥೆಗೆ ಇದು ಒಳ್ಳೆಯ ಉಪಮೆ. ಒಳ್ಳೆಯ ಉಪಮೆ ಎಂಬ ಕಾರಣಕ್ಕೇ ನನಗೀಗ ಅದರ ಮೇಲೆ ಅನುಮಾನ. ನದಿಗಳಿಗೆ ಅಂಥ ಕಷ್ಟವೇನಿಲ್ಲ. ಬೇರ್ಪಡಿಸಿದ್ದು ನಾನು, ಒಂದೇ ಮೇಜಿನ ಮೇಲೆ, ಒಂದೇ ತಲೆಯಲ್ಲಿ. ಈ ವರ್ಷ ಎಲ್ಲ ಕಡತಗಳಿಗೂ ಕೊಂಡಿ ಹಾಕಿದ್ದೇನೆ. ಬೂದುಬಣ್ಣದ ನೆಂಟರು ಎಲ್ಲೆಲ್ಲೂ ಬಂದು ಕೂತಿದ್ದಾರೆ. ಕೊಂಡಿಗಳು ಕಳಚುತ್ತವೆ ಎಂದು ಗೊತ್ತಿರುವುದರಿಂದ ಫೋನೂ ಮಾಡುತ್ತೇನೆ.

ಹೋದ ತಿಂಗಳು ಮಾರೆಪ್ಪನ ದೊಡ್ಡಿಗೆ ಹೋಗಿದ್ದೆ. ಹುಲಿಗೆಮ್ಮ ವರ್ಷವಿಡೀ ಅವ್ವನ ಜೊತೆ ಹತ್ತಿ ಬಿಡಿಸಲು ಹೋಗಿದ್ದಾಳೆ. ಬೆರಳ ತುದಿಗಳಲ್ಲಿ ಗೀರುಗಳಿದ್ದವು. ಆ ಟ್ರಂಕಿನಲ್ಲಿ ಈಗ ಒಣಮೆಣಸಿನಕಾಯಿ ತುಂಬಿಟ್ಟಿದ್ದಾರೆ. ಪಟ್ಟಿಯಲ್ಲಿ ಹೆಸರು ಮತ್ತೆ ಬರೆಸಿದ್ದೇವೆ, ಈ ಸಲ ನಲವತ್ತೂ ಮಂಚ ತಯಾರಿವೆ, ನಾನೇ ಎಣಿಸಿ ಬಂದಿದ್ದೇನೆ, ಟ್ರಂಕು ಖಾಲಿ ಮಾಡು ಎಂದೆ. ಒಂದು ವರ್ಷ ಬಿಟ್ಟವರ ಹೆಸರು ಪಟ್ಟಿಯ ಕೊನೆಗೆ ಹೋಗುತ್ತದೆ ಎಂಬುದು ಅವಳಿಗೂ ಗೊತ್ತಿತ್ತು. ಮೆಣಸಿನಕಾಯಿಯ ಘಾಟಿಗೆ ಕಣ್ಣು ಕಿರಿದು ಮಾಡಿಕೊಂಡು ನನ್ನನ್ನು ನೋಡಿದಳು.

“ಮೊದ್ಲ ಹೆಸರ ಕೂಗಲಿ ಅಕ್ಕಾ. ಆಮ್ಯಾಲ ಬಟ್ಟಿ ತುಂಬತೀನಿ.”

ಒಂದು ಕೆಲಸ ಇನ್ನೊಂದನ್ನು ಕಾಯಬೇಕೆಂದು ಆ ಮಗುವಿಗೆ ಕಲಿಸಿದವಳು ನಾನೇ.

ನಿನ್ನೆ ಬೆಳಿಗ್ಗೆ ಲೋಟ ಬಡಿಯಿತು. ಸಿಡುಕದೆ ಎದ್ದೆ. ಅವ್ವನ ಕೈ ಹಿಟ್ಟಿನಲ್ಲಿತ್ತು, ಹಾಗಾಗಿ ಕೊಡ, ಬಕೆಟ್ಟುಗಳನ್ನು ನಾನೇ ಜೋಡಿಸಿದೆ, ಪೈಪು ಸಿಕ್ಕಿಸಿದೆ, ಹತ್ತು ನಿಮಿಷಕ್ಕೆ ನೀರು ಬಂತು. ಕೆಲಸ ಮುಗಿಯಿತೆಂದು ಕೈ ಒರೆಸಿಕೊಂಡು ನಿಂತಾಗ ಅವ್ವ ತಲೆಯೆತ್ತದೆ ಕೇಳಿದಳು:

“ಆ ಕಡಿ ಗ್ವಾಡಿ ಬಡದೇನು? ಟೀಚರಮ್ಮ ಕಲ್ಮಲದ ಬಸ್ಸಿಗೆ ಹೋಗಾಕಿ, ನೀರು ಹಿಡೀದನ ಹೋಗಿಬಿಡತಾಳ.”

ನಮ್ಮ ಮನೆಗಿಂತ ಎತ್ತರದಲ್ಲಿ, ಮೂಡಲಿಗೆ, ಟೀಚರಮ್ಮನ ಮನೆ ಇದೆ ಎಂಬುದು ಗೊತ್ತಿಲ್ಲದ ಸಂಗತಿಯೇನಲ್ಲ. ಮೂಡಣ ಗೋಡೆಗೆ ತೂಗುಹಾಕಿದ ಮೊರವನ್ನು ಸರಿಸಿದೆ. ಅದರ ಹಿಂದೆ, ಅವ್ವನ ಬಡಿತಕ್ಕೆ ಸುಣ್ಣ ಉದುರಿ, ಇಟ್ಟಿಗೆಯೂ ಸವೆದು, ಲೋಟದ ಅಂಚಿನಷ್ಟೇ ದುಂಡಗಿನ ಒಂದು ತಗ್ಗು ಇತ್ತು. ಇಷ್ಟು ವರ್ಷ ನನಗೆ ಕೇಳಿಸಿದ್ದು ನಮಗಾಗಿ ಬಂದ ಸದ್ದು ಮಾತ್ರ. ನಮ್ಮ ಸದ್ದಿಗಾಗಿ ಯಾರೋ ಖಾಲಿ ಕೊಡ ಇಟ್ಟುಕೊಂಡು ಕಾಯುತ್ತಿದ್ದರು. ಲೋಟ ತೆಗೆದುಕೊಂಡು ಆ ತಗ್ಗಿಗೆ ಮೂರು ಸಲ ಬಡಿದೆ. ಗೋಡೆಯಾಚೆ ಕೊಡ ಎತ್ತಿದ ಸದ್ದು ಕೇಳುವವರೆಗೂ ಅಲ್ಲೇ ನಿಂತಿದ್ದೆ.