ಎಡ ಹುಬ್ಬಿನ ಮೇಲಿನ ಗೆರೆ

ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನ ಎದುರು ನನ್ನ ಸೋದರಮಾವನ ಅಂಗಡಿಯಿತ್ತು. ಸತ್ತವರ ಸಣ್ಣ ಫೋಟೋ ನೋಡಿ, ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಬರೆದುಕೊಡುವುದು ಅವನ ಕಸುಬು. ಹದಿನೆಂಟು ತುಂಬಿದ ಮೇಲೆ ನಾನು ಚಿನ್ನದ ಗಣಿಯ ಊರಾದ ಊರಿಗಾಂನಿಂದ ದಿನಾ ರೈಲಿನಲ್ಲಿ ಬಂದು ಅವನ ಹತ್ತಿರ ಕಲಿಯತೊಡಗಿದೆ. ಫೋಟೋದ ಮೇಲೆ ದಾರದಿಂದ ಚೌಕ ಹಾಕಿ ದೊಡ್ಡ ಕಾಗದಕ್ಕೆ ಇಳಿಸುವುದು, ಇದ್ದಿಲ ಪುಡಿಯನ್ನು ಹತ್ತಿಯಿಂದ ತೀಡಿ ಕೆನ್ನೆಯ ನೆರಳು ತರುವುದು. ಕಣ್ಣು ಮಾತ್ರ ಕೊನೆಗೆ. ಕರಿಗುಡ್ಡೆಯಲ್ಲಿ ಬ್ಲೇಡಿನ ತುದಿಯಿಂದ ಒಂದು ಚುಕ್ಕೆ ಕೆರೆದರೆ ಸಾಕು, ಸತ್ತವರು ನಮ್ಮನ್ನು ನೋಡತೊಡಗುತ್ತಿದ್ದರು.

"ನೋಡಕ್ ಶುರು ಮಾಡಿದ್ಮೇಲೆ ಅಂಗಡೀಲಿ ಇಟ್ಕೋಬಾರ್ದು ಕಣಮ್ಮಿ," ಅನ್ನುತ್ತಿದ್ದ ಮಾವ. "ಅವತ್ತೇ ಅವರ ಮನೆಯೋರಿಗೆ ಕೊಟ್ಬಿಡ್ಬೇಕು."

ಆಗ ಚಾಂಪಿಯನ್ ರೀಫ್ಸ್ ಗಣಿಯ ಬಂಗಲೆಯೊಂದರಲ್ಲಿದ್ದ ಬಿಳಿ ಅಧಿಕಾರಿ ತಮ್ಮ ದೇಶಕ್ಕೆ ಮರಳುವವರಿದ್ದರು. ಇಲ್ಲಿಗೆ ಬರುವ ಮೊದಲು ಅವರು ಆಫ್ರಿಕಾದ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದ್ದವರು. ಅಲ್ಲಿಂದ ತಂದ ಏಳು ಮರದ ಮುಖವಾಡಗಳನ್ನು ಪೆಟ್ಟಿಗೆಗೆ ತುಂಬುವ ಮೊದಲು ಒಂದೊಂದನ್ನೂ ಬರೆಸಿಟ್ಟುಕೊಳ್ಳಬೇಕೆಂದು ಅವರ ಹೆಂಡತಿಗೆ ಆಸೆ. ಮಾವ ನನ್ನನ್ನು ಕಳಿಸಿದ.

ಸಾಮಾನೆಲ್ಲ ತೆಗೆದ ಬರಿಯ ಹಾಲ್. ಗೋಡೆಯ ಮೇಲೆ ಆ ಏಳು ಮಾತ್ರ. ಬಂಗಲೆಯ ಬಟ್ಲರ್ ಬೇರೆ ಕೋಣೆಗಳನ್ನೆಲ್ಲ ಗುಡಿಸಿ, ಈ ಹಾಲಿನ ಬಾಗಿಲಲ್ಲೇ ನಿಲ್ಲುತ್ತಿದ್ದ.

"ಅವರ ಕಡೆ ಯಾರಾನ ಸತ್ರೆ ಇದನ್ನ ಮಖಕ್ಕೆ ಕಟ್ಕೊಂಡು ಕುಣೀತಾರಂತಮ್ಮ. ಆಗ ಸತ್ತೋರು ಬಂದು ಇದರೊಳಗಿಂದ ನೋಡ್ತಾರಂತೆ. ದೊರೆಸಾನಿ ಯೋಳ್ತಿದ್ರು."

ಮೂರು ದಿನ ಬರೆಯುವಷ್ಟರಲ್ಲಿ ನಾನು ಕಲಿತದ್ದೆಲ್ಲ ಅಲುಗಾಡಿತು. ಅವನ್ನು ಕೆತ್ತಿದವನು ಯಾರ ಮುಖವನ್ನೂ ನಕಲು ಮಾಡಿರಲಿಲ್ಲ. ಹಣೆಯಿಂದ ತುಟಿಯವರೆಗೆ ಒಂದೇ ಏಟಿಗೆ ಇಳಿದ ಮೂಗು. ಕಣ್ಣೆಂದರೆ ಅರೆಮುಚ್ಚಿದ ಸೀಳು, ಗುಡ್ಡೆಯೇ ಇಲ್ಲ. ಆದರೂ ಬೆನ್ನು ತಿರುಗಿಸಿ ಕೂರಲು ಆಗುತ್ತಿರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಎಲ್ಲಕ್ಕಿಂತ ಚಿಕ್ಕದನ್ನು ಬರೆಯುತ್ತಿದ್ದೆ. ನೆಲ ನಡುಗಿತು. ಗಣಿಯಾಳದಲ್ಲಿ ಬಂಡೆ ಸಿಡಿದರೆ ಮೇಲೆ ಪಾತ್ರೆ ಅಲುಗುವುದು ನಮಗೆ ಹೊಸದಲ್ಲ. ಆದರೆ ಅಡುಗೆಮನೆಯ ಕಪ್ಪು-ಸಾಸರುಗಳು ಸುಮ್ಮನಾದ ಮೇಲೂ ಮುಖವಾಡಗಳು ಟಕಟಕನೆ ಗೋಡೆ ಬಡಿಯುತ್ತಲೇ ಇದ್ದವು. ಬಟ್ಲರ್ ಹೊರಗೋಡಿದ. ನನ್ನ ಕೈ ಜಾರಿ ಚಿತ್ರದ ಎಡ ಹುಬ್ಬಿನ ಮೇಲೆ ಒಂದು ಓರೆ ಗೆರೆ ಬಿದ್ದಿತ್ತು. ಇದ್ದಿಲು ಅಳಿಸಲು ಇಟ್ಟುಕೊಂಡಿದ್ದ ಬ್ರೆಡ್ಡಿನ ತುಂಡಿನಿಂದ ಎಷ್ಟು ಉಜ್ಜಿದರೂ ಅಳಿಯಲಿಲ್ಲ.

ಆ ಹೊತ್ತಿನಲ್ಲಿ ಕೆಳಗೆ ಸತ್ತವನು ಬೇತಮಂಗಲದ ಹತ್ತಿರದ ಹಳ್ಳಿಯವನು, ಹೊಸದಾಗಿ ಕೆಲಸಕ್ಕೆ ಸೇರಿದವನು. ಕೆಲವು ದಿನಗಳ ಮೇಲೆ ಅವನ ತಾಯಿ ನಮ್ಮ ಅಂಗಡಿಗೆ ಬಂದಳು.

"ಪಟ ಒಂದೂ ತೆಗೆಸ್ಲಿಲ್ಲ ಕಣಣ್ಣ. ನಾನು ಯೋಳ್ತೀನಿ, ನೀನು ಬರಿ."

"ಪಟ ಇಲ್ದೆ ಎಂಗಮ್ಮ ಬರೆಯೋದು?" ಅಂದ ಮಾವ.

ಅವಳು ಎದ್ದು ಹೋಗಲಿಲ್ಲ. ನಾನೇ ಕಾಗದ ಹಿಡಿದೆ. ಅವಳು ಹೇಳಿದಂತೆ ಮೂಗು, ಬಾಯಿ, ಕೆನ್ನೆ. ಮೂರು ಸಲ ಬರೆದೆ. ಮೂರು ಸಲವೂ, "ಇವನು ಯಾರ ಮಗನೋ," ಅಂದಳು. ನಾಲ್ಕನೆಯ ಸಲ ಅವಳನ್ನು ಏನೂ ಕೇಳಲಿಲ್ಲ. ಮುಖವಾಡ ಕೆತ್ತಿದವನಂತೆ ಹಣೆಯಿಂದ ಒಂದೇ ಏಟಿಗೆ ಮೂಗು ಇಳಿಸಿದೆ, ಕಣ್ಣನ್ನು ಸೀಳಾಗಿ ಬಿಟ್ಟೆ. ಬೇಡವೆಂದುಕೊಳ್ಳುವ ಮೊದಲೇ ಕೈ ಎಡ ಹುಬ್ಬಿನ ಮೇಲೆ ಆ ಓರೆ ಗೆರೆ ಎಳೆದುಬಿಟ್ಟಿತು.

ಅವಳು ಗೆರೆಯ ಮೇಲೆ ಬೆರಳಿಟ್ಟಳು.

"ಈ ಗಾಯ ನಿಂಗ್ಯಾರು ಯೋಳಿದ್ರು?"

"ಯಾರೂ ಯೋಳ್ಲಿಲ್ಲಮ್ಮ."

"ಅಂಬೆಗಾಲಿಡೋವಾಗ ಒಸ್ತಿಲ ಮೇಲೆ ಬಿದ್ದಿದ್ದ. ಇವನೇ."

ಕಣ್ಣಿಗೆ ಚುಕ್ಕೆ ಕೊಡಲು ಬ್ಲೇಡು ತೆಗೆದುಕೊಂಡೆ. ಅವಳು ನನ್ನ ಮುಂಗೈ ಹಿಡಿದಳು. "ಬ್ಯಾಡ. ಮಲಗವ್ನೆ."

ಮಾವ ಆ ಚಿತ್ರವನ್ನು ಮುಟ್ಟಲಿಲ್ಲ. ಸುತ್ತಿ ಕೊಟ್ಟವಳು ನಾನೇ. ಅವಳು ಎದೆಗೊತ್ತಿಕೊಂಡು ಬಸ್ಸು ಹತ್ತಿದಳು.

ಸುದ್ದಿ ಕೇಳಿ ಊರಿಗಾಂನ ಗಣಿ ಕಾರ್ಮಿಕರ ಲೈನುಮನೆಯ ಒಬ್ಬ ಹೆಂಗಸು, ಪಟವೇ ಇಲ್ಲದೆ ಸತ್ತ ತನ್ನ ಗಂಡನ ಮುಖ ಬರೆಸಲು ಬಂದಳು. ಅದೇ ಮುಖವಾಡದ ರೀತಿಯಲ್ಲಿ ಬರೆದೆ. ಕೈ ತಾನಾಗಿ ಏನಾದರೂ ಮಾಡೀತೆಂದು ಒಳಗೊಳಗೇ ಕಾದೆ. ಏನೂ ಆಗಲಿಲ್ಲ. "ನಲ್ಲಾ ಇರುಕ್ಕು," ಚೆನ್ನಾಗಿದೆ ಎಂದು ತಮಿಳಿನಲ್ಲಿ ಮರ್ಯಾದೆಗೆ ಹೇಳಿ ಹೋದಳು. ನನಗೆ ಉಸಿರು ಬಂದಂತಾಯಿತು, ನಾಚಿಕೆಯೂ ಆಯಿತು.

ಅರವತ್ತರ ದಶಕದಲ್ಲಿ ನಾನು ಫೋಟೋ ನೋಡಿ ಬರೆಯುವುದನ್ನು ಬಿಟ್ಟೆ. ಬೆಂಗಳೂರಿನ ಲೈಬ್ರರಿಯಲ್ಲಿ ಆಫ್ರಿಕಾದ ಕೆತ್ತನೆಯ ಪುಸ್ತಕಗಳನ್ನು ಹುಡುಕಿ ಹುಡುಕಿ ನೋಡಿದೆ. ಏಳರಲ್ಲಿ ಆರನ್ನು ಹೋಲುವ ಮುಖವಾಡಗಳು ಸಿಕ್ಕವು, ಆ ಚಿಕ್ಕದರಂಥದ್ದು ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ಬಂಗಾರಪೇಟೆಯ ಒಬ್ಬ ಮುದಿ ಬಡಗಿಯ ಹತ್ತಿರ ಉಳಿ ಹಿಡಿಯಲು ಕಲಿತು, ಬೇವಿನ ತುಂಡಿನಲ್ಲಿ ನೆನಪಿನಿಂದಲೇ ಅದನ್ನು ಕೆತ್ತಿದೆ. ಮುಗಿದ ದಿನ ಬಡಗಿ ಅದನ್ನು ಬಹಳ ಹೊತ್ತು ನೋಡಿದ.

"ಯಾರ ಮಖನಮ್ಮ ಇದು?"

"ಗೊತ್ತಿಲ್ಲ ತಾತ."

ಅವನು ಅದನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು, ಕೈ ತೊಳೆದು, ಊಟಕ್ಕೆ ಕೂತ.